ಮನೆ ಬಾಬ್ತು

ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಆ ಮನೆಯಲ್ಲಿ ಮಳೆ ಬಂದಿತೆಂದರೆ ಯಾರೂ ಗಾಬರಿಪಡುತ್ತಿರಲಿಲ್ಲ. ಯಾವ ಪಾತ್ರೆ ಎಲ್ಲಿ ಕುಳಿತುಕೊಳ್ಳಬೇಕೆಂಬುದು ಎಷ್ಟೋ ವರ್ಷಗಳ ಹಿಂದೆಯೇ ನಿಶ್ಚಯವಾಗಿತ್ತು. ನಡುಮನೆಯ ಪೂರ್ವದ ಮೂಲೆಗೆ ಅಗಲವಾದ ಬೇಸಿನ್ನು, ದೇವರ ಕೋಣೆಯ ಹೊಸ್ತಿಲಿಗೆ ತಾಮ್ರದ ಚೊಂಬು, ಮೇಷ್ಟರ ಪುಸ್ತಕದ ಬೀರುವಿನ ಬಳಿಗೆ ಅಲ್ಯೂಮಿನಿಯಮ್ ಡಬರಿ, ಅಡಿಗೆಮನೆಯ ಮೂಲೆಗೆ ಹಿತ್ತಾಳೆಯ ತಂಬಿಗೆ. ಹೀಗೆ ಏಳು ಪಾತ್ರೆಗಳಿಗೆ ಏಳು ಸ್ಥಾನಗಳು. ಮೊದಲ ಗುಡುಗು ಕೇಳಿದೊಡನೆ ಮೇಷ್ಟರ ಪತ್ನಿ ಎದ್ದು ಅವುಗಳನ್ನು ಇಟ್ಟು ಬರುತ್ತಿದ್ದರು. ಹನಿ ಬೀಳುವ ಸದ್ದಿನಿಂದಲೇ ಯಾವ ಪಾತ್ರೆ ತುಂಬುತ್ತ ಬಂದಿತೆಂದು ಆಕೆಗೆ ತಿಳಿಯುತ್ತಿತ್ತು. ಮೊಮ್ಮಕ್ಕಳಿಗೆ ಅದೊಂದು ಜಲತರಂಗದ ಕಚೇರಿ. ಮೇಷ್ಟರಿಗೆ ಮಾತ್ರ ಒಂದೊಂದು ಹನಿಯೂ ಮೇಸ್ತ್ರಿ ಬರೆದುಕೊಡುವ ಒಂದೊಂದು ಚೀಟಿಯಂತೆ ಕೇಳಿಸುತ್ತಿತ್ತು.

ಬೆಂಗಳೂರಿಗೆ ಮಳೆ ಎರಡು ಕಡೆಯಿಂದ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಾರುತ. ಅದು ಹಿಂದೆಗೆಯುವಷ್ಟರಲ್ಲಿ ಈಶಾನ್ಯದ್ದು. ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನೊಡನೆ ಬರುವ ಮಳೆ ಬೇರೆ. ಹೀಗಾಗಿ ಸೋರುವ ಮನೆಯವರಿಗೆ ಬಿಡುವೆಂಬುದು ದೊರೆಯುವುದು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಆ ತಿಂಗಳುಗಳಲ್ಲಿಯೇ ದುರಸ್ತಿ ನಡೆಯಬೇಕು. ಆದರೆ ಆ ತಿಂಗಳುಗಳಲ್ಲಿಯೇ ಮಾಡು ಸೋರುತ್ತದೆಂಬ ಸಂಗತಿ ಮನುಷ್ಯನಿಗೆ ಮರೆತುಹೋಗುತ್ತದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಕಿಕ್ಕಿರಿದ ಪೇಟೆಯ ಜನಕ್ಕೆ ಗಾಳಿ ಬೆಳಕುಗಳ ಆಸೆ ತೋರಿಸಿದ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದು. ಮೇಷ್ಟರ ತಂದೆ ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಊರಿನ ಖುಷ್ಕಿ ಜಮೀನನ್ನೂ ಪತ್ನಿಯ ಎರಡೆಳೆಯ ಸರವನ್ನೂ ಮಾರಿ, 1938ರಲ್ಲಿ, ಒಟ್ಟು ರೂ. 5,240 ವೆಚ್ಚದಲ್ಲಿ ಅವರು ಅಲ್ಲಿ ಮನೆ ಕಟ್ಟಿಸಿದರು. ಮುಂದಿನ ಜಗಲಿಗೂ ಹಿಂದಿನ ಅಡಿಗೆಮನೆಗೂ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಆ ಕೆಂಪು ಹೆಂಚು ಕನ್ನಡನಾಡಿನ ಮಧ್ಯಮ ವರ್ಗದ ಶಿರೋಭೂಷಣವೇ ಆಗಿಬಿಟ್ಟಿತ್ತು. ನಡುಮನೆಗೆ ಮಾತ್ರ ಮದರಾಸು ತಾರಸಿ. ತೇಗದ ತೊಲೆಯ ಮೇಲೆ ಜಂತಿಗಳನ್ನು ಹೊಂದಿಸಿ, ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸುತ್ತಾರೆ. ಆಮೇಲೆ ಇಟ್ಟಿಗೆಯ ಜಲ್ಲಿಯನ್ನು ಸುಣ್ಣದೊಡನೆ ಕಲಸಿ ಹರಡಿ, ಹೆಂಗಸರು ಸಾಲಾಗಿ ಕುಳಿತು, ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರನ್ನು ಚಿಮುಕಿಸುತ್ತ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿದಷ್ಟೂ ಬಿಗಿ.

ಹಿರಿಯರು ಮನೆ ಕಟ್ಟಿಸಿದ ಮೇಲೆ ಒಂದು ಲೆಕ್ಕದ ಪುಸ್ತಕವನ್ನು ಆರಂಭಿಸಿದರು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆಗಳು. ಮೇಲೆ ‘ಮನೆ ಬಾಬ್ತು’ ಎಂದು ಗುಂಡಗಿನ ಅಕ್ಷರ. 1957ರ ಏಪ್ರಿಲಿನವರೆಗೆ ರೂಪಾಯಿ ಆಣೆ ಪೈಗಳಲ್ಲಿ, ಅಲ್ಲಿಂದಾಚೆಗೆ ನಯಾ ಪೈಸೆಗಳಲ್ಲಿ, ಮನೆಗೆ ಮಾಡಿದ ಪ್ರತಿಯೊಂದು ಖರ್ಚೂ ಅದರಲ್ಲಿ ದಾಖಲಾಗುತ್ತಿತ್ತು. ಒಂದು ಮೊಳೆಯನ್ನು ಕೊಂಡರೂ ಬರೆದಿಡುವ ತಂದೆಯ ಈ ಅಭ್ಯಾಸ ಕಾಲೇಜು ಓದುತ್ತಿದ್ದ ಮಗನಿಗೆ ವಿನೋದದ ವಿಷಯವಾಗಿತ್ತು. ಮಗ ಮುಂದೆ ಭೌತಶಾಸ್ತ್ರದ ಅಧ್ಯಾಪಕನಾದನು, 1976ರಲ್ಲಿ ಮದುವೆಯಾದನು, 1979ರಲ್ಲಿ ತಂದೆ ತೀರಿಕೊಂಡಾಗ ಮನೆಯ ಯಜಮಾನನೂ ಆದನು. ಪುಸ್ತಕ ಅಟ್ಟ ಸೇರಿತು.

ಮೊದಲ ಎಂಟೊಂಬತ್ತು ವರ್ಷ ಮೇಷ್ಟರು ಮನೆಗೆಂದು ಒಂದು ಕಾಸನ್ನೂ ವೆಚ್ಚಮಾಡಲಿಲ್ಲ. ಮಕ್ಕಳ ಫೀಜು, ತಂಗಿಯ ಬಾಣಂತನ, ತಾಯಿಯ ಔಷಧ. ಮನೆ ಬಾಯಿಬಿಟ್ಟು ಕೇಳಲಿಲ್ಲ, ಅವರು ಕೊಡಲಿಲ್ಲ. ಹೆಂಚಿನವನನ್ನು ಒಮ್ಮೆ ಕರೆಸಬೇಕೆಂದು ಪತ್ನಿ ಎರಡು ಬೇಸಿಗೆ ಹೇಳಿದರು. ಮುಂದಿನ ತಿಂಗಳು ನೋಡೋಣವೆಂದು ಉತ್ತರ ಬಂದಿತು. ಮೂರನೆಯ ಬೇಸಿಗೆಯಲ್ಲಿ ಆಕೆ ಹೇಳಲಿಲ್ಲ.

1988ರ ಹೊತ್ತಿಗೆ ಪೂರ್ವದ ಗೋಡೆಯ ಬುಡದಲ್ಲಿ ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರತೊಡಗಿತು. ಆಗ ಮೇಷ್ಟರಿಗೆ ಉತ್ಸಾಹ ಬಂದಿತು. ಭವಿಷ್ಯನಿಧಿಯಿಂದ ರೂ. 18,000 ಸಾಲ ತೆಗೆದರು. ಸಿಮೆಂಟಿಗೆ ಪರ್ಮಿಟ್ಟಿಗಾಗಿ ಅಲೆಯಬೇಕಾಗಿದ್ದ ಕಾಲ ಕಳೆದಿತ್ತು; 1982ರಲ್ಲಿ ನಿಯಂತ್ರಣ ಸಡಿಲವಾದ ಮೇಲೆ ಸಿಮೆಂಟು ಅಂಗಡಿಯಲ್ಲಿ ದೊರೆಯುತ್ತಿತ್ತು; ಹಣವಿದ್ದವನು ಸುಣ್ಣವನ್ನು ಮುಟ್ಟುವುದು ಹಳ್ಳಿಗತನವೆಂಬ ಭಾವನೆಯೂ ಹರಡಿತ್ತು. ಹಳೆಯ ಗಾರೆಯನ್ನೆಲ್ಲ ಇಟ್ಟಿಗೆ ಕಾಣುವಂತೆ ಕೆರೆಸಿ, ಒಳಗೂ ಹೊರಗೂ ಮುಕ್ಕಾಲು ಅಂಗುಲ ಸಿಮೆಂಟು ಮೆತ್ತಿಸಿದರು. ತಾರಸಿಯ ಮೇಲೂ ಒಂದು ಪದರ. ಅದರ ಮೇಲೆ ತಿಳಿಹಸಿರು ಬಣ್ಣ. ಮನೆ ಮದುವಣಗಿತ್ತಿಯಂತೆ ಕಂಡಿತು. ನೆರೆಯವರು ಬಂದು ಗೋಡೆಯನ್ನು ತಟ್ಟಿ ನೋಡಿ, ಇನ್ನು ನೂರು ವರ್ಷ ಯೋಚನೆಯಿಲ್ಲವೆಂದರು. ತಂದೆ ಮಾಡಲಾಗದಿದ್ದುದನ್ನು ತಾವು ಮಾಡಿದೆವೆಂಬ ತೃಪ್ತಿಯಿಂದ ಮೇಷ್ಟರು ಬಹುಕಾಲ ಆ ಗೋಡೆಗೆ ಒರಗಿಯೇ ಕಾಫಿ ಕುಡಿಯುತ್ತಿದ್ದರು.

ಆಮೇಲಿನ ಮೂವತ್ತು ವರ್ಷಗಳ ಸಣ್ಣಪುಟ್ಟ ಕಾಯಿಲೆಗಳನ್ನು ವಿವರಿಸುತ್ತ ಕುಳಿತರೆ ಓದುಗರ ಮನೆಯ ಕಥೆಯನ್ನೇ ಅವರಿಗೆ ಹೇಳಿದಂತಾದೀತು. ಕಬ್ಬಿಣದ ಕೊಳಾಯಿ ಒಳಗೊಳಗೇ ತುಕ್ಕು ಕಟ್ಟಿ, ಹೆಬ್ಬೆರಳು ಹಿಡಿಸುತ್ತಿದ್ದ ಕಡೆ ಕಿರುಬೆರಳೂ ಹಿಡಿಸದಂತಾಯಿತು. ಮರದ ಪಟ್ಟಿಯೊಳಗಿದ್ದ ಹಳೆಯ ವಿದ್ಯುತ್ ತಂತಿಯ ರಬ್ಬರು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಎತ್ತರವಾಗಿ ಮನೆ ತಗ್ಗಾಯಿತು. ತಂದೆಯ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಬರಬೇಕಾಗಿದ್ದ ಅಂಗಳಕ್ಕೆ ಈಗ ಮಳೆಯ ನೀರು ತಾನೇ ಇಳಿದು ಬರುತ್ತಿತ್ತು. ತಾರಸಿಯ ಕೈಪಿಡಿ ಗೋಡೆಯಲ್ಲಿ, ಹಕ್ಕಿ ಉದುರಿಸಿದ ಬೀಜದಿಂದ, ಅಶ್ವತ್ಥದ ಗಿಡವೊಂದು ಹುಟ್ಟಿತು. ಅದನ್ನು ಕೀಳಲು ಕೂಲಿಯವರು ಒಪ್ಪಲಿಲ್ಲ. ಮೇಷ್ಟರು ವಿಜ್ಞಾನದ ಅಧ್ಯಾಪಕರಾಗಿದ್ದರೂ ತಾವಾಗಿ ಮುಂದಾಗಲಿಲ್ಲ. ಕಡೆಗೆ ಬೇರುಸಹಿತ ಬಿಡಿಸಿ ದೇವಸ್ಥಾನದ ಕಟ್ಟೆಯ ಬಳಿ ನೆಟ್ಟು ಬರುವೆನೆಂದ ಒಬ್ಬ ಮಾಲಿ ಅದಕ್ಕೆ ಐನೂರು ರೂಪಾಯಿ ಪಡೆದನು. ಬೇರಿನ ಅರ್ಧ ಗೋಡೆಯಲ್ಲಿಯೇ ಉಳಿಯಿತು.

ಸೋರಿಕೆಯ ಮಾತು ಬೇರೆ. ಅದು ಖರ್ಚಿಗಿಂತ ಹೆಚ್ಚಾಗಿ ಬುದ್ಧಿಯನ್ನು ತಿನ್ನುತ್ತದೆ. ನೀರು ಒಳಗೆ ನುಗ್ಗುವ ಸ್ಥಳ ಒಂದು, ತೊಟ್ಟಿಕ್ಕುವ ಸ್ಥಳ ಇನ್ನೊಂದು. ತಾರಸಿಯ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿನಲ್ಲಿ ಇಳಿದ ನೀರು ಜಲ್ಲಿಯ ಪದರದಲ್ಲಿ ತಂಗಿ, ಜಂತಿಯ ಮೈಮೇಲೆ ಸದ್ದಿಲ್ಲದೆ ಹರಿದು, ಹತ್ತಡಿ ಆಚೆ ಯಾವುದೋ ಗಂಟನ್ನು ಕಂಡು ಅಲ್ಲಿ ಹನಿಯಾಗುತ್ತದೆ. ಹನಿ ಬಿದ್ದ ಜಾಗದ ನೆತ್ತಿಯ ಮೇಲೆ ಸಾವಿರ ರೂಪಾಯಿ ಮೆತ್ತಿ ಬಂದವನು ಮರುದಿನ ಮಳೆಗೆ ಅದೇ ಹನಿಯನ್ನು ಅದೇ ಪಾತ್ರೆಯಲ್ಲಿ ಕಾಣುತ್ತಾನೆ. ಮಳೆ ಬರುವಾಗ ಹುಡುಕಲಾಗದು, ಬಿಸಿಲಿರುವಾಗ ಕಾಣಿಸದು. ಮೇಷ್ಟರು ಪ್ರಯೋಗಶಾಲೆಯ ಕ್ರಮವನ್ನೇ ಅನುಸರಿಸಿದರು. ತಾರಸಿಯನ್ನು ಜೇಡಿಮಣ್ಣಿನ ಬದುಗಳಿಂದ ಒಂಬತ್ತು ಪಾತಿಗಳಾಗಿ ವಿಂಗಡಿಸಿ, ದಿನಕ್ಕೊಂದು ಪಾತಿಗೆ ನೀರು ತುಂಬಿಸಿ ಮೇಲೆ ನಿಂತರು. ಕೆಳಗೆ ಪತ್ನಿ ಕತ್ತು ಎತ್ತಿ ಕುಳಿತು “ಬಂತು”, “ಇಲ್ಲ” ಎಂದು ಕೂಗಬೇಕು. ಒಂಬತ್ತು ದಿನಗಳಲ್ಲಿ ಎಂಟು ಪಾತಿಗಳು ನಿರ್ದೋಷಿಗಳೆಂದು ತೀರ್ಮಾನವಾಯಿತು. ಒಂಬತ್ತನೆಯದೇ ಕಳ್ಳನೆಂದು ಅದನ್ನು ಅಗೆಸಿದರು. ಮುಂದಿನ ಮಳೆಗೆ ನಿರ್ದೋಷಿಗಳಲ್ಲಿ ಮೂವರು ಸೋರಿದರು.

ಆ ಬಳಿಕ ನೀರು ತಡೆಯುವ ಬಣ್ಣ ಬಳಿಯುವವರು ಬಂದರು. ಟೈ ಕಟ್ಟಿದ ಯುವಕನೊಬ್ಬ ಹತ್ತು ವರ್ಷಗಳ ಗ್ಯಾರಂಟಿಯ ಪತ್ರವನ್ನು ಬರೆದುಕೊಟ್ಟನು. ಬಣ್ಣ ಎರಡು ಮಳೆಗಾಲ ಬಾಳಿತು. ಪತ್ರ ಮಾತ್ರ ಈಗಲೂ ಹೊಸದಾಗಿಯೇ ಇದೆ, ಒಳ್ಳೆಯ ಕಾಗದ.

2018ರ ಒಂದು ಮಧ್ಯಾಹ್ನ ನಡುಮನೆಯ ಉಯ್ಯಾಲೆಯ ಮಣೆಯ ಮೇಲೆ ಹಿಟ್ಟಿನಂಥ ಧೂಳು ಬಿದ್ದಿರುವುದನ್ನು ಮೇಷ್ಟರ ಪತ್ನಿ ಕಂಡರು. ಒರೆಸಿದರು. ಮರುದಿನ ಮತ್ತೆ ಬಿದ್ದಿತ್ತು. ಬಡಗಿಯನ್ನು ಕರೆಸಿದಾಗ ಅವನು ಏಣಿಯೇರಿ, ಪೂರ್ವದ ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಯನ್ನು ಉಳಿಯಿಂದ ಒತ್ತಿದನು. ಉಳಿ ಹಿಡಿಯವರೆಗೂ ಒಳಗೆ ಹೋಯಿತು. ಅವನು ಏನೂ ಹೇಳದೆ ಕೆಳಗಿಳಿದು, ಉಯ್ಯಾಲೆಯನ್ನು ಕೊಂಡಿಯಿಂದ ಕಳಚಿ ಗೋಡೆಗೆ ಒರಗಿಸಿದನು.

ತೊಲೆಯನ್ನು ನೋಡಲು ಬಂದವರಲ್ಲಿ ಒಬ್ಬ ವೃದ್ಧ ಮೇಸ್ತ್ರಿಯಿದ್ದನು. ಹಳೆಯ ಗುಡಿಗಳ ಗಾರೆಯ ಕೆಲಸ ಮಾಡಿದವನು. ಅವನು ತೊಲೆಯನ್ನು ನೋಡುವುದಕ್ಕೆ ಮೊದಲು ಗೋಡೆಯನ್ನು ನೋಡಿದನು. ತಿಳಿಹಸಿರು ಬಣ್ಣ ಎದೆಯೆತ್ತರದವರೆಗೆ ಗುಳ್ಳೆಯೆದ್ದಿತ್ತು. ಗುಳ್ಳೆಗಳ ಕೆಳಗೆ ಬಿಳಿಯ ಉಪ್ಪು.

“ಇದಕ್ಕೆ ಸಿಮೆಂಟು ಹಾಕಿಸಿದವರು ಯಾರು?” ಎಂದು ಕೇಳಿದನು.

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇ” ಎಂದರು.

ಮೇಸ್ತ್ರಿ ಹೇಳಿದ ವಿಷಯ ಸರಳವಾದದ್ದು. ಆ ಕಾಲದ ಮನೆಗಳ ತಳಪಾಯದ ಮೇಲೆ ನೆಲದ ತೇವವನ್ನು ತಡೆಯುವ ಪದರವಿರುವುದು ಅಪರೂಪ. ಇಟ್ಟಿಗೆ ನೀರನ್ನು ಕುಡಿಯುತ್ತದೆ. ಸುಣ್ಣದ ಗಾರೆ ಆ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಬುಡದಲ್ಲಿ ಗಾರೆ ಉದುರುವುದು ರೋಗವಲ್ಲ. ಗೋಡೆ ಬೆವರುವ ಬಗೆ ಅದು. ನಾಲ್ಕಾರು ವರ್ಷಕ್ಕೊಮ್ಮೆ ಉದುರಿದಷ್ಟನ್ನು ಮತ್ತೆ ಮೆತ್ತಿದರೆ ಮುಗಿಯಿತು. ಸಿಮೆಂಟು ಸುಲಭವಾಗಿ ಉಸಿರುಬಿಡದ ವಸ್ತು. ಒಳಗೂ ಹೊರಗೂ ಅದನ್ನು ಮೆತ್ತಿದರೆ, ಬೆವರುವ ಮನುಷ್ಯನಿಗೆ ಮಳೆಯಂಗಿ ತೊಡಿಸಿ ಗುಂಡಿ ಹಾಕಿದಂತೆ. ಹೊರಗೆ ಹೋಗಲಾರದ ನೀರು ಮೇಲಕ್ಕೆ ಹತ್ತಿತು. ತಾರಸಿಯ ಸಿಮೆಂಟು ಬಿಸಿಲಿಗೆ ಸೀಳಿ, ಮೇಲಿನಿಂದ ಇಳಿದ ನೀರೂ ಅದೇ ಗೋಡೆಯಲ್ಲಿ ಸಿಕ್ಕಿಬಿದ್ದಿತು. ತೇಗದ ತಿರುಳನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಆದರೆ ಗೋಡೆಯೊಳಗಿನ ತುದಿ ವರ್ಷಗಟ್ಟಲೆ ಒದ್ದೆಯಾಗಿದ್ದು ಕೊಳೆತು ಮೆತ್ತಗಾಗಿತ್ತು. ಗೆದ್ದಲಿಗೆ ಬೇಕಾದದ್ದು ತೇವ ಮತ್ತು ಕತ್ತಲೆ. ಎರಡನ್ನೂ ಮೇಷ್ಟರು ಸಾಲಮಾಡಿ ಒದಗಿಸಿದ್ದರು.

ಸಣ್ಣ ಗಾಜಿನ ಕೊಳವೆಗಳಲ್ಲಿ ಬಣ್ಣದ ನೀರು ತಾನಾಗಿ ಏರುವುದನ್ನು ಅವರು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ತೋರಿಸಿದವರು. ಲೋಮನಾಳ ಕ್ರಿಯೆಯೆಂದು ಕಪ್ಪು ಹಲಗೆಯ ಮೇಲೆ ಬರೆದು, ಕೊಳವೆ ಸೂಕ್ಷ್ಮವಾದಷ್ಟೂ ನೀರು ಎತ್ತರಕ್ಕೆ ಹೋಗುತ್ತದೆಂದು ಚಿತ್ರ ಬಿಡಿಸಿದವರು. ಅದೇ ಪಾಠ ಮನೆಗೆ ಬಂದು ಬೆನ್ನ ಹಿಂದಿನ ಗೋಡೆಯಲ್ಲಿ ಅಂಗುಲ ಅಂಗುಲವಾಗಿ ಏರುತ್ತಿದ್ದಾಗ ಅವರು ಅದಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದರು.

ತೊಲೆ ಬದಲಾಯಿಸಿ, ತಾರಸಿಯ ಆ ಭಾಗವನ್ನು ಬಿಚ್ಚಿ ಕಟ್ಟಿ, ಗೋಡೆಯ ಸಿಮೆಂಟು ತೆಗೆದು ಸುಣ್ಣ ಮೆತ್ತಲು ಸುಮಾರು ಮೂರು ಲಕ್ಷ ರೂಪಾಯಿಯಾಗುತ್ತದೆಂದು ಲೆಕ್ಕ ಬಂದಿತು. ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಮೂರು ಲಕ್ಷವೇ ಇತ್ತು. ಆದರೆ ಅದು ಮೇಷ್ಟರ ಪತ್ನಿಯ ಮಂಡಿಗಳಿಗೆಂದು ಇಟ್ಟಿದ್ದ ಹಣ. ಆಕೆಗೆ ಎರಡು ಮಂಡಿಗಳೂ ಸವೆದಿದ್ದವು. ಮೊದಲು ಬಲಗಾಲಿನ ಕೀಲನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿ ವರ್ಷವಾಗಿತ್ತು.

ಮಗಳು ಬಂದಳು. ನಗರದ ಪೂರ್ವಭಾಗದಲ್ಲಿ ಹನ್ನೆರಡನೆಯ ಅಂತಸ್ತಿನಲ್ಲಿ ಅವಳ ಮನೆ. ಅಲ್ಲಿ ಸೋರಿದರೆ ಸಂಘಕ್ಕೆ ಒಂದು ದೂರು ಕೊಟ್ಟರೆ ಸಾಕು. ಹಳೆಯ ಮನೆಯನ್ನು ಕಟ್ಟಡದ ವ್ಯವಹಾರದವರಿಗೆ ಕೊಟ್ಟು, ಎರಡು ಫ್ಲಾಟು ಪಡೆದು, ಸುಖವಾಗಿರಬಾರದೇಕೆಂದು ಕೇಳಿದಳು. ಅಮೆರಿಕದಿಂದ ಮಗನೂ ಅದನ್ನೇ ಹೇಳಿದನು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ; ತಂದೆಯ ಮನೆಯೆಂಬ ಒಂದೇ ಮಾತನ್ನು ನಾಲ್ಕು ಬಗೆಯಾಗಿ ಹೇಳಿದರು. ಮೇಷ್ಟರ ಪತ್ನಿಗಾದರೋ ಆ ಮನೆಯ ಬಗ್ಗೆ ಹೇಳಿಕೊಳ್ಳುವಂಥ ಮೋಹವೇನೂ ಇರಲಿಲ್ಲ. ಒಣಗಿದ ಅಡಿಗೆಮನೆಯೊಂದನ್ನು ಬಿಟ್ಟು ಆಕೆ ಈ ಜನ್ಮದಲ್ಲಿ ಹೆಚ್ಚೇನನ್ನೂ ಕೇಳಿದವರಲ್ಲ.

ತೀರ್ಮಾನ ಮಾಡಿದವರು ಮಾತ್ರ ಆಕೆಯೇ. “ಮಾರುವುದೋ ಬಿಡುವುದೋ ಆಮೇಲಿನ ಮಾತು. ಮಾರುವುದಾದರೂ ಮಾರುವತನಕ ಇದರ ಕೆಳಗೇ ಮಲಗಬೇಕಲ್ಲ. ಮಂಡಿ ಇನ್ನೊಂದು ವರ್ಷ ತಡೆಯುತ್ತದೆ. ತೊಲೆ ತಡೆಯುವುದಿಲ್ಲ.”

ಮೇಷ್ಟರು ಠೇವಣಿಯ ಕಾಗದಕ್ಕೆ ಸಹಿಮಾಡಿದರು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಮತ್ತೊಮ್ಮೆ ಮಾಡಿಸಿಕೊಂಡರು.

ಕೆಲಸ ಐದು ತಿಂಗಳು ನಡೆಯಿತು. ಮೇಸ್ತ್ರಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಸುಣ್ಣವನ್ನು ನೀರಿನಲ್ಲಿ ಮುಳುಗಿಸಿಟ್ಟು, ವಾರಗಟ್ಟಲೆ ಅದನ್ನು ಮುಟ್ಟಲು ಬಿಡಲಿಲ್ಲ. ಸಿಮೆಂಟನ್ನು ಬಡಿದು ಉದುರಿಸಿದರೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆಂದು ಅಂಗೈಯಗಲ ಅಂಗೈಯಗಲವಾಗಿ ಉಳಿಯಿಂದ ಬಿಡಿಸಿದನು. ಬತ್ತಲಾದ ಗೋಡೆ ಒಣಗಲೆಂದು ಮತ್ತೆ ತಿಂಗಳು ಕಾದನು. ಸುಣ್ಣ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗಬೇಕು. ಅವಸರ ಮಾಡಿದರೆ ಬಿರಿಯುತ್ತದೆ. ದಿನಗೂಲಿಯನ್ನು ಎಣಿಸುತ್ತಿದ್ದ ಮೇಷ್ಟರಿಗೆ ಈ ರಸಾಯನಶಾಸ್ತ್ರ ರುಚಿಸಲಿಲ್ಲವಾದರೂ ಎದುರಾಡುವ ನೈತಿಕ ಬಲ ಉಳಿದಿರಲಿಲ್ಲ. ತೊಲೆಯನ್ನು ಹಳೆಯ ಮರದ ಅಂಗಡಿಯಿಂದ ತಂದರು. ಕೆಡವಿದ ಯಾವುದೋ ಮನೆಯದು. ಅದರ ನಡುವಿನಲ್ಲಿ ಎರಡು ಕಬ್ಬಿಣದ ಕೊಂಡಿಗಳ ಗುರುತಿತ್ತು. ಅಲ್ಲಿಯೂ ಉಯ್ಯಾಲೆ ಇದ್ದಿರಬೇಕು.

ಅಟ್ಟವನ್ನು ತೆರವು ಮಾಡುವಾಗ ಲೆಕ್ಕದ ಪುಸ್ತಕ ಸಿಕ್ಕಿತು. ಆನಿಕೆಯ ಕಂಬಗಳ ನಡುವೆ ಕುರ್ಚಿ ಹಾಕಿಕೊಂಡು ಮೇಷ್ಟರು ಅದನ್ನು ಮೊದಲ ಬಾರಿಗೆ ಓದಿದರು. 1949ರ ಏಪ್ರಿಲ್: ಹೆಂಚು ತಿರುಗಿಸಿದ ಕೂಲಿ 3-8-0, ಒಡೆದ ಹೆಂಚು 11ಕ್ಕೆ 2-1-0, ತಾರಸಿಯ ಬಿರುಕಿಗೆ ಗಾರೆ 1-12-0, ತೊಲೆಗೆ ಎಣ್ಣೆ 0-14-0, ಒಟ್ಟು 8-3-0. ಮುಂದಿನ ಏಪ್ರಿಲಿನಲ್ಲಿಯೂ ಅದೇ ಬಾಬ್ತುಗಳು. ಅದರ ಮುಂದೆಯೂ ಅವೇ. ಮೂರು ನಾಲ್ಕು ವರ್ಷಗಳಿಗೊಮ್ಮೆ, ‘ಪೂರ್ವದ ಗೋಡೆ ಬುಡಕ್ಕೆ ಸುಣ್ಣ’. ಮಗಳ ಮದುವೆಯಾದ ವರ್ಷವೂ ಒಂದು ಬಾಬ್ತು ತಪ್ಪಿರಲಿಲ್ಲ. ನಲವತ್ತು ವರ್ಷಗಳಲ್ಲಿ ದೊಡ್ಡ ಮೊತ್ತವೆಂಬುದು ಎಲ್ಲಿಯೂ ಕಾಣಲಿಲ್ಲ.

ಕೊನೆಯ ಎರಡು ವರ್ಷಗಳ ಹಾಳೆಗಳಲ್ಲಿ ಅಕ್ಷರ ಬೇರೆಯಾಗಿತ್ತು. ಸಣ್ಣಗೆ, ಎಡಕ್ಕೆ ಸ್ವಲ್ಪ ವಾಲಿದ ಬರವಣಿಗೆ. ಮೇಷ್ಟರು ಬಹಳ ಹೊತ್ತು ನೋಡಿದರು. ಆ ಕೈಬರಹದಲ್ಲಿಯೇ ಅವರ ಮನೆಯ ದಿನಸಿಯ ಚೀಟಿಗಳು ನಲವತ್ತು ವರ್ಷಗಳಿಂದ ಅಂಗಡಿಗೆ ಹೋಗುತ್ತಿದ್ದವು.

“ಇದನ್ನು ನೀನು ಬರೆದೆಯಾ?”

“ಮಾವನವರಿಗೆ ಕಣ್ಣು ಮಂಜಾಗಿತ್ತಲ್ಲ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ” ಎಂದು ಆಕೆ ಅಡಿಗೆಮನೆಯಿಂದಲೇ ಉತ್ತರ ಕೊಟ್ಟರು. ಮತ್ತೆ ಏನನ್ನೋ ನೆನೆದವರಂತೆ, “ಹೆಂಚಿನವನ ಮನೆ ಎಲ್ಲಿಯೆಂದು ಕೊನೆಯ ಹಾಳೆಯಲ್ಲಿ ಬರೆಸಿದ್ದರು, ನೋಡಿ” ಎಂದರು. ಬರೆದಿತ್ತು.

ಇನ್ನೊಂದು ವರ್ಷವೆಂದ ಮಾತು ಇನ್ನೊಂದು ವರ್ಷಕ್ಕೆ ನಿಲ್ಲಲಿಲ್ಲ. ಪಿಂಚಣಿಯಲ್ಲಿ ಉಳಿಸಿ, ಮಗನಿಂದ ಸ್ವಲ್ಪ ಪಡೆದು, 2020ರ ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆಯೆಂದು ದಿನ ಗೊತ್ತುಮಾಡಿದ್ದರು. ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿತು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳೆಲ್ಲ ಮುಂದಕ್ಕೆ ಹೋದವು. ಆ ಬೇಸಿಗೆಯಲ್ಲಿ, ಆಮೇಲಿನ ಮಳೆಗಾಲದಲ್ಲಿ, ಮತ್ತೊಂದು ವರ್ಷ, ಮೇಷ್ಟರ ಪತ್ನಿ ಗೋಡೆಗೆ ಅಂಗೈಯೂರಿ ಅಡಿಗೆಮನೆಯಿಂದ ನಡುಮನೆಗೆ ನಡೆಯುತ್ತಿದ್ದರು. ಹೊಸ ಸುಣ್ಣದ ಬಿಳಿ ಆಕೆಯ ಅಂಗೈಗೆ ಅಂಟುತ್ತಿತ್ತು. ಮೇಷ್ಟರು ಅದನ್ನು ನೋಡುತ್ತ ಕುಳಿತಿರುತ್ತಿದ್ದರು. ಬಲಮಂಡಿಯ ಶಸ್ತ್ರಚಿಕಿತ್ಸೆ ಕಡೆಗೂ ನಡೆದದ್ದು 2021ರ ಡಿಸೆಂಬರಿನಲ್ಲಿ. ಎಡಮಂಡಿಯದು ಇನ್ನೂ ಆಗಬೇಕು.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯನ್ನು ಬೆಂಗಳೂರಿನವರು ಮರೆತಿರಲಾರರು. ನಗರದ ಪೂರ್ವದ ಬಡಾವಣೆಗಳಲ್ಲಿ ಜನರು ಟ್ರ್ಯಾಕ್ಟರುಗಳಲ್ಲಿಯೂ ರಬ್ಬರು ದೋಣಿಗಳಲ್ಲಿಯೂ ಮನೆಯಿಂದ ಹೊರಬಂದರು. ಮಗಳ ಹನ್ನೆರಡನೆಯ ಅಂತಸ್ತು ಮುಳುಗಲಿಲ್ಲವಾದರೂ ಕೆಳಗಿನ ನೆಲಮಾಳಿಗೆ ತುಂಬಿ, ದೀಪವೂ ಲಿಫ್ಟೂ ನೀರೂ ನಿಂತುಹೋದವು. ಅವಳು ಇಬ್ಬರು ಮಕ್ಕಳೊಡನೆ ಮಲ್ಲೇಶ್ವರಕ್ಕೆ ಬಂದು ಆರು ದಿನ ಇದ್ದಳು. ಮಾರುವ ಮಾತು ಆ ಆರು ದಿನ ಬರಲಿಲ್ಲ; ಏಳನೆಯ ದಿನ, ತನ್ನ ಮನೆಗೆ ಹೊರಟಾಗ, ಮತ್ತೆ ಬಂದಿತು. ಮಕ್ಕಳಿಗೆ ಮಾತ್ರ ನಿರಾಶೆ. ಏಳು ಪಾತ್ರೆಗಳ ಜಲತರಂಗ ಕೇಳಬಹುದೆಂದು ಬಂದವರಿಗೆ ಒಂದೇ ಒಂದು ಹನಿ ಬೀಳುತ್ತಿತ್ತು.

ಲೆಕ್ಕದ ಪುಸ್ತಕ ಈಗ ಮೇಷ್ಟರ ಮೇಜಿನ ಮೇಲಿದೆ. 1979ರ ಹಾಳೆಯ ಎದುರಿನ ಹಾಳೆಯಲ್ಲಿ ಅವರು ಬರೆಯತೊಡಗಿದ್ದಾರೆ. ಬುಡಕ್ಕೆ ಸುಣ್ಣ ರೂ. 1,400. ತೊಲೆಗೆ ಎಣ್ಣೆ ರೂ. 650. ಅಂಗಳದ ಕಾಲುವೆ ಬಗೆಸಿದ್ದು ರೂ. 800. ಬಂದುಹೋದ ಖರ್ಚುಗಳ ಕೆಳಗೆ ಪ್ರತಿ ತಿಂಗಳೂ ‘ಎಡಮಂಡಿ, ತೆಗೆದಿಟ್ಟದ್ದು’ ಎಂದು ಒಂದು ಮೊತ್ತವಿರುತ್ತದೆ. ಮನೆ ಬಾಬ್ತಿನಲ್ಲಿ ಅದನ್ನು ಬರೆಯುವುದು ತಪ್ಪೆಂದು ಪತ್ನಿ ಹೇಳಿದ್ದಾರೆ. ಅವರು ತಿದ್ದಿಲ್ಲ.

ಅಡಿಗೆಮನೆಯ ಮೂಲೆಯಲ್ಲಿ ಈಗಲೂ ಒಂದು ಕಡೆ ತೊಟ್ಟಿಕ್ಕುತ್ತದೆ. ಕೊನೆಯ ಹಾಳೆಯ ವಿಳಾಸದಲ್ಲಿ ಹಳೆಯ ಹೆಂಚಿನವನ ಮೊಮ್ಮಗನಿದ್ದಾನೆ. ಮಾಘ ಕಳೆದ ಮೇಲೆ ಬರುವೆನೆಂದಿದ್ದಾನೆ. ಅಲ್ಲಿಯವರೆಗೆ ಅಲ್ಲಿ ಹಿತ್ತಾಳೆಯ ತಂಬಿಗೆ ಇರುತ್ತದೆ.